ಹಿಟ್ಲರ್ ಕಾಲದ ದಖಾವ್ ಕೈದಿ ಕ್ಯಾಂಪಿಗೆ ಅಪ್ಪ-ಅಮ್ಮನ ಜೊತೆ ಹೋಗಬೇಕು, ಅಲ್ಲಿ ಫೋಟೋ ತೆಗೆಯಬಹುದಾ?

ಇಸಾರ್_ದಂಡೆ
ನಮಸ್ಕಾರ. ನಾನಿರುವುದು ಮ್ಯೂನಿಕ್‌ನಲ್ಲಿ. ಮುಂದಿನ ವಾರ ಮಂಡ್ಯದಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ. ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು. ಮೂವತ್ತು ವರ್ಷ ಹಿಟ್ಲರ್ ಪಾಠ ಮಾಡಿದ್ದೀನಿ, ದಖಾವ್ ನೋಡದೆ ವಾಪಸ್ ಬರಲ್ಲ ಅಂತ ಫೋನಿನಲ್ಲೇ ಹೇಳಿಬಿಟ್ಟಿದ್ದಾರೆ. ಅಮ್ಮನ ಕಥೆ ಬೇರೆ. ಎಲ್ಲಿಗೆ ಹೋದರೂ ಎಲ್ಲರೂ ಸಾಲಾಗಿ ನಿಂತು ಒಂದು ಫೋಟೋ ಆಗಬೇಕು, ಸಂಜೆಯೊಳಗೆ ಅದು ಫ್ಯಾಮಿಲಿ ಗ್ರೂಪಿನಲ್ಲಿರಬೇಕು. ಅಲ್ಲಿ ಹಾಗೆ ಮಾಡಿದರೆ ಯಾರಾದರೂ ಬೈಯುತ್ತಾರಾ? ಫೋಟೋಗೆ ನಿಷೇಧ ಇದೆಯಾ? ಮಗಳಿಗೆ 8 ವರ್ಷ, ಅವಳನ್ನೂ ಕರೆದುಕೊಂಡು ಹೋಗಲಾ?

ಬ್ರೆಡ್_ಬೇಡ_ಮುದ್ದೆ_ಕೊಡಿ
ಮುಖ್ಯ ರೈಲು ನಿಲ್ದಾಣದಿಂದ ಎಸ್2 ಲೋಕಲ್ ರೈಲು ಹತ್ತಿ, ದಖಾವ್‌ನಲ್ಲಿ ಇಳಿದು 726 ನಂಬರ್ ಬಸ್ಸು. ಕ್ಯಾಂಪಿಗೆ ಟಿಕೆಟ್ ಇಲ್ಲ, ಪ್ರವೇಶ ಉಚಿತ. ಸ್ವಂತಕ್ಕೆ ಫೋಟೋ ತೆಗೆಯಲು ಅಡ್ಡಿ ಇಲ್ಲ. ಆದರೆ ಪೋಲೆಂಡಿನಲ್ಲಿರುವ ಇನ್ನೊಂದು ನಾಜಿ ಕ್ಯಾಂಪ್ ಆಶ್‌ವಿಟ್ಜ್‌ನಲ್ಲಿ ಕೈದಿಗಳ ಕೂದಲು ಇಟ್ಟಿರುವ ಕೋಣೆಯಲ್ಲಿ, 11ನೇ ಬ್ಲಾಕಿನ ನೆಲಮಾಳಿಗೆಯಲ್ಲಿ ಕ್ಯಾಮೆರಾ ಎತ್ತುವಂತೆಯೇ ಇಲ್ಲ. ಮಗಳನ್ನು ಈ ಸಲ ಸ್ನೇಹಿತರ ಮನೆಯಲ್ಲಿ ಬಿಡಿ. ಗೈಡ್ ಜೊತೆ ಸುತ್ತುವುದಕ್ಕೆ ಸ್ಮಾರಕದವರೇ 13 ವರ್ಷ ಆಗಿರಬೇಕು ಅನ್ನುತ್ತಾರೆ.

ಇನ್ನೊಂದು ವಿಷಯ, ನಗಬೇಡಿ. ಅಮ್ಮನ ಪರ್ಸು, ಕೀ ಚೈನು, ಪೆಂಡೆಂಟು ಎಲ್ಲಾ ಒಮ್ಮೆ ನೋಡಿಬಿಡಿ. ನಮ್ಮ ಅತ್ತೆ ಸ್ವಸ್ತಿಕ ಇರುವ ಬಟ್ಟೆ ಚೀಲ ಹಿಡಿದು ಹೊರಟಿದ್ದರು, ಬಾಗಿಲಲ್ಲಿ ಕಂಡಿದ್ದಕ್ಕೆ ಬಚಾವ್. ನಮಗೆ ಅದು ಶುಭ, ಸರಿ, ಆದರೆ ಆ ಜಾಗದಲ್ಲಿ ನಿಂತು ಯಾರಿಗೆ ಅಂತ ಬಿಡಿಸಿ ಹೇಳುತ್ತೀರಿ?

ಸುಮ್ನೆ_ಓದುಗ
ಅನುಮತಿ ಇದೆ ಅಂತ ತೆಗೆಯಲೇಬೇಕಾ? ಹೆಣ ಇಟ್ಟಿರುವ ಮನೆಗೆ ಹೋದಾಗ ಮೊಬೈಲ್ ಹೊರಗೆ ತೆಗೆಯುತ್ತೀವಾ? ಅಲ್ಲಿ ಸತ್ತವರು ಕಡಿಮೆ ಎಂದರೂ 41,500 ಜನ. ನಾನು ಹೋದಾಗ ಹೆಣ ಸುಡುವ ಒಲೆಗಳ ಮುಂದೆ ಒಬ್ಬ ಹುಡುಗ ಸೆಲ್ಫಿ ತೆಗೆಯುತ್ತಿದ್ದ, ಹಲ್ಲು ಕಿರಿದುಕೊಂಡು. ಅವತ್ತಿನಿಂದ ನನ್ನದು ಒಂದೇ ಮಾತು, ಬೇಡ.

ಹಳೇ_ಲೆನ್ಸ್
ಸುಮ್ನೆ ಓದುಗರೇ, ಆ ಹುಡುಗನ ವಿಷಯದಲ್ಲಿ ನಿಮ್ಮ ಕೋಪ ಸರಿ. ಆದರೆ ಫೋಟೋನೇ ಬೇಡ ಅನ್ನುವುದನ್ನು ಒಪ್ಪಲ್ಲ. 1944ರ ಆಗಸ್ಟಿನಲ್ಲಿ ಆಶ್‌ವಿಟ್ಜ್‌ನ ಭಾಗವಾಗಿದ್ದ ಬಿರ್ಕೆನೌ ಕ್ಯಾಂಪಿನಲ್ಲಿ, ಹೆಣ ಸುಡುವ ಕೆಲಸಕ್ಕೆ ಹಾಕಿದ್ದ ಕೈದಿಗಳೇ ಕದ್ದುಮುಚ್ಚಿ ನಾಲ್ಕು ಫೋಟೋ ತೆಗೆದರು. ಸಿಕ್ಕಿಬಿದ್ದಿದ್ದರೆ ಅಲ್ಲೇ ಸಾವು. ಆ ಫಿಲಮ್ಮನ್ನು ಟೂತ್‌ಪೇಸ್ಟ್ ಟ್ಯೂಬಿನಲ್ಲಿ ಅಡಗಿಸಿ ಹೊರಗೆ ಕಳಿಸಿದರು. ಹೊರಗಿನವರು ನೋಡಲಿ ಅಂತ ತಾನೇ? ದಖಾವ್‌ನಲ್ಲಿ 1965ರಲ್ಲಿ ಸ್ಮಾರಕ ಆಗಿದ್ದೂ ಬದುಕುಳಿದವರು ಹಟ ಹಿಡಿದಿದ್ದರಿಂದಲೇ.

ನಾನು ಮಾಡುವುದು ಇಷ್ಟೇ: ಮೊದಲ ಸುತ್ತಿನಲ್ಲಿ ಕ್ಯಾಮೆರಾ ಚೀಲದಲ್ಲೇ ಇರುತ್ತದೆ. ಅಳುತ್ತಿರುವವರ, ಪ್ರಾರ್ಥನೆ ಮಾಡುತ್ತಿರುವವರ ಕಡೆ ತಿರುಗಿಸಲ್ಲ, ಅವರ ಮನೆಯವರೇ ಅಲ್ಲಿ ಸತ್ತಿರಬಹುದು. ದಖಾವ್ ಕ್ಯಾಂಪಿನಲ್ಲಿ ಕೈದಿಗಳನ್ನು ಇಡುವ 34 ಬ್ಯಾರಕ್ ಇದ್ದವು. ಈಗ ಇರುವುದು ಮತ್ತೆ ಕಟ್ಟಿದ ಎರಡು, ಉಳಿದವುಗಳ ಜಾಗದಲ್ಲಿ ಅಡಿಪಾಯದ ಗುರುತು ಮಾತ್ರ. ಆ ಖಾಲಿ ಸಾಲುಗಳನ್ನು ಒಂದು ಫ್ರೇಮಿನಲ್ಲಿ ಹಿಡಿಯಿರಿ. ಸೆಲ್ಫಿಗಿಂತ ಜಾಸ್ತಿ ಹೇಳುತ್ತದೆ.

ಕಾವೇರಿ_ತೀರದವಳು
ಮಂಡ್ಯ ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೆಣ ಸುಡುವ ಕಟ್ಟಡದ ಗೋಡೆಯಲ್ಲಿ ನಾಲ್ಕು ಹೆಣ್ಣುಮಕ್ಕಳ ನೆನಪಿನ ಫಲಕ ಇದೆ, ಅದರಲ್ಲಿ ನೂರ್ ಇನಾಯತ್ ಖಾನ್ ಹೆಸರು ಹುಡುಕಿ. ತಂದೆಯ ಕಡೆಯಿಂದ ಟಿಪ್ಪು ಸುಲ್ತಾನನ ವಂಶದವರು. ಬ್ರಿಟಿಷರ ಪರವಾಗಿ ಪ್ಯಾರಿಸ್‌ನಲ್ಲಿ ಗುಟ್ಟಾಗಿ ವೈರ್‌ಲೆಸ್ ನಡೆಸುತ್ತಿದ್ದರು. ಸಿಕ್ಕಿಬಿದ್ದ ಮೇಲೆ 1944ರ ಸೆಪ್ಟೆಂಬರ್ 13ರಂದು ಇಲ್ಲೇ ಕೊಂದರು, ವಯಸ್ಸು 30. ಟಿಪ್ಪು ಸತ್ತಿದ್ದು ಬ್ರಿಟಿಷರ ಜೊತೆಗಿನ ಯುದ್ಧದಲ್ಲಿ, ಇವರು ಸತ್ತಿದ್ದು ಅದೇ ಬ್ರಿಟಿಷರ ಕೆಲಸ ಮಾಡಿ! ನಿಮ್ಮ ಅಪ್ಪನಿಗೆ ಇದು ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ಮೊದಲೇ ಹೇಳಬೇಡಿ, ಅವರೇ ಓದಲಿ.

ಇಸಾರ್_ದಂಡೆ
ಹೋಗಿ ಬಂದೆವು, ಎಲ್ಲರಿಗೂ ಥ್ಯಾಂಕ್ಸ್. ಕ್ಯಾಂಪಿನ ಕಬ್ಬಿಣದ ಗೇಟಿನ ಮುಂದೆ ಅಪ್ಪ ಮೊದಲು ಹೇಳಿದ್ದು, 'ಇಷ್ಟು ಚಿಕ್ಕದಾ? ಪಾಠ ಮಾಡುವಾಗ ಕೋಟೆ ಬಾಗಿಲಿನಷ್ಟು ಅಂದುಕೊಂಡಿದ್ದೆ.' ಈಗ ಅಲ್ಲಿರುವುದು ನಕಲು. ಅಸಲಿಯನ್ನು 2014ರಲ್ಲಿ ಕದ್ದು, ಅದು ನಾರ್ವೆಯಲ್ಲಿ ಸಿಕ್ಕಿ ಈಗ ಮ್ಯೂಸಿಯಂ ಒಳಗಿದೆ. ಅದನ್ನೂ ಕದಿಯುವವರು ಇದ್ದಾರಲ್ಲಾ!

ಫಲಕದ ಮುಂದೆ ಅಪ್ಪ ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ಅದರದ್ದೊಂದು, ಖಾಲಿ ಸಾಲುಗಳದ್ದೊಂದು, ಒಟ್ಟು ಎರಡೇ ಫೋಟೋ ತೆಗೆದೆ. ಅಮ್ಮ ಒಳಗೆ ಏನೂ ಕೇಳಲಿಲ್ಲ. ಹೊರಗೆ ಬಸ್‌ಸ್ಟಾಪಿನಲ್ಲಿ 'ಈಗ ತೆಗಿ' ಅಂದರು, ಮೂವರೂ ನಿಂತೆವು, ಯಾರೂ ನಗಲಿಲ್ಲ. ಅದನ್ನು ಗ್ರೂಪಿಗೆ ಇನ್ನೂ ಹಾಕಿಲ್ಲ. ಬೇಸಿಗೆಯಲ್ಲಿ ಹೋಗುವವರು ನೀರು, ಟೋಪಿ ಇಟ್ಟುಕೊಳ್ಳಿ. ಹಾಜರಿ ಕೂಗುತ್ತಿದ್ದ ಮೈದಾನದಲ್ಲಿ ನೆರಳೇ ಇಲ್ಲ.