□ − 6 = 9 ಕೊಟ್ಟರೆ ಮಕ್ಕಳು 3 ಎಂದೇಕೆ ಬರೆಯುತ್ತಾರೆ?

ಪ್ರಶ್ನೆ:
ಮೂರನೇ ತರಗತಿಯ ಮಕ್ಕಳಿಗೆ 7 + □ = 12 ಸಲೀಸು. □ − 6 = 9 ಬಂದರೆ ಮಾತ್ರ 3 ಎಂದು ಬರೆಯುತ್ತಾರೆ. ‘ಆಚೆ ಹೋದರೆ ಚಿಹ್ನೆ ಬದಲಾಗುತ್ತದೆ’ ಎಂದು ಹೇಳಿಕೊಟ್ಟರೆ ಅದು ಸರಿಹೋಗುತ್ತದೆ, ಆದರೆ 15 − □ = 8ಕ್ಕೆ 23 ಬರೆಯುತ್ತಾರೆ. ಹೇಗೆ ಕಲಿಸುವುದು?

ಉತ್ತರ 1:
ಆ ನಿಯಮ ಸದ್ಯಕ್ಕೆ ಬೇಡ. ಕಳೆಯುವ ಚಿಹ್ನೆ ಕಂಡ ಕೂಡಲೇ ಮಗು ಕಣ್ಣೆದುರಿನ ಎರಡು ಸಂಖ್ಯೆಗಳನ್ನು ಕಳೆದುಬಿಡುತ್ತದೆ, ಚೌಕ ಎಲ್ಲಿದೆ ಎಂದು ನೋಡುವುದೇ ಇಲ್ಲ. ‘ಇದರಲ್ಲಿ ಒಟ್ಟು ಯಾವುದು, ಭಾಗ ಯಾವುದು?’ ಎಂದು ಮೊದಲು ಕೇಳಿ. ಒಂದು ಉದ್ದ ಪಟ್ಟಿ ಬರೆದು, ಅದರ ಕೆಳಗೆ ಅಷ್ಟೇ ಉದ್ದಕ್ಕೆ ಎರಡು ತುಂಡು ಬರೆಯಿರಿ. ಕಳೆಯುವ ಲೆಕ್ಕದಲ್ಲಿ ಮೊದಲ ಸಂಖ್ಯೆಯೇ ಒಟ್ಟು, ಅದು ಮೇಲಿನ ಪಟ್ಟಿ. □ − 6 = 9ರಲ್ಲಿ ಮೇಲಿನದು ಖಾಲಿ, ತುಂಡುಗಳು 6 ಮತ್ತು 9; ಕೂಡಿದರೆ 15. ಇನ್ನೊಂದರಲ್ಲಿ ಮೇಲೆ 15, ಒಂದು ತುಂಡು 8. ಕಳೆದರೆ ಉಳಿದ ತುಂಡು 7. ಒಟ್ಟು ಗೊತ್ತಿಲ್ಲದಿದ್ದರೆ ಕೂಡು, ಭಾಗ ಗೊತ್ತಿಲ್ಲದಿದ್ದರೆ ಕಳೆ. ಬಂದ ಉತ್ತರವನ್ನು ಚೌಕದಲ್ಲಿಟ್ಟು ತಾಳೆ ನೋಡಲೇಬೇಕು: 3ರಲ್ಲಿ 6 ಕಳೆದರೆ 9 ಆಗುತ್ತದೆಯೇ?

ಉತ್ತರ 2:
ಪಟ್ಟಿಗೂ ಮುಂಚೆ ಇನ್ನೊಂದು ಪರೀಕ್ಷೆ ಮಾಡಿ: 8 + 4 = □ + 5. ಬಹಳಷ್ಟು ಮಕ್ಕಳು 12 ಬರೆಯುತ್ತಾರೆ, ಕೆಲವರು 17. ಅವರಿಗೆ ‘=’ ಎಂದರೆ ‘ಇಲ್ಲಿ ಉತ್ತರ ಬರೆ’ ಎಂದರ್ಥ. ತಕ್ಕಡಿಯ ಎಡ ತಟ್ಟೆಗೆ ಒಂದೇ ತೂಕದ 12 ಮಣಿ, ಬಲಕ್ಕೆ 5 ಹಾಕಿಸಿ. ಎರಡೂ ತಟ್ಟೆ ಸಮಕ್ಕೆ ಬರುವವರೆಗೆ ಮಗುವೇ ಒಂದೊಂದಾಗಿ ಹಾಕುತ್ತಾ ಎಣಿಸಲಿ. ಏಳನೇ ಮಣಿಗೆ ಮುಳ್ಳು ನಡುವಿಗೆ ಬಂದು ನಿಲ್ಲುತ್ತದೆ. 1557ರಲ್ಲಿ ವೇಲ್ಸ್‌ನ ಗಣಿತಜ್ಞ ರಾಬರ್ಟ್ ರೆಕಾರ್ಡ್ ‘=’ ಚಿಹ್ನೆಗೆ ಒಂದೇ ಉದ್ದದ ಎರಡು ಸಮಾನಾಂತರ ಗೆರೆ ಆರಿಸಿದ್ದೇ, ಅವುಗಳಿಗಿಂತ ಸಮವಾದದ್ದು ಇನ್ನೊಂದಿಲ್ಲ ಎಂದು. ಇದನ್ನೂ ಮಕ್ಕಳಿಗೆ ಹೇಳಿ, ಇಷ್ಟಪಡುತ್ತಾರೆ. ಬೋರ್ಡಿನ ಮೇಲೆ 5 + 3 = 8 + 2 = 10 ಎಂದು ಸರಪಳಿ ಮಾತ್ರ ಬರೆಯಬೇಡಿ; 5 + 3 ಎಂದೂ 10 ಆಗದು. 12 = 5 + □ ಎಂಬ ತಿರುಗುಮುರುಗು ರೂಪವನ್ನೂ ಮೊದಲಿನಿಂದಲೇ ರೂಢಿ ಮಾಡಿಸಿ.

ಪ್ರಶ್ನೆ ಕೇಳಿದವರು:
ಭಾಗಾಕಾರಕ್ಕೂ ಪಟ್ಟಿ ಆಗುತ್ತದೆಯೇ?

ಉತ್ತರ 1:
ಧಾರಾಳವಾಗಿ. ಅಲ್ಲೂ ಮೊದಲ ಸಂಖ್ಯೆಯೇ ಒಟ್ಟು, ತುಂಡುಗಳು ಮಾತ್ರ ಸಮನಾಗಿರಬೇಕು. □ ÷ 4 = 6 ಎಂದರೆ ಆರಾರರ ನಾಲ್ಕು ತುಂಡು, ಒಟ್ಟು 24. 24 ÷ □ = 6ಕ್ಕೆ 24ರ ಪಟ್ಟಿಯಿಂದ ಆರಾರರ ತುಂಡು ಕತ್ತರಿಸಿ ಎಣಿಸಿದರೆ 4. ಪ್ರಶ್ನೆ ಬರೆಯುವಾಗ 0 × □ = 0 ಕೊಡಬೇಡಿ, ಯಾವ ಸಂಖ್ಯೆ ಇಟ್ಟರೂ ಸರಿಯಾಗುತ್ತದೆ. □ + □ = 10 ಕೊಡುವುದಾದರೆ, ಒಂದೇ ಲೆಕ್ಕದ ಎರಡು ಚೌಕದಲ್ಲೂ ಒಂದೇ ಸಂಖ್ಯೆ ಎಂದು ಮೊದಲೇ ಹೇಳಿಬಿಡಿ. ಇಲ್ಲವಾದರೆ 4 ಮತ್ತು 6 ಬರೆದ ಮಗುವನ್ನು ತಪ್ಪು ಎನ್ನುವಂತಿಲ್ಲ.