ಅಪ್‌ಡೇಟ್: ತಪ್ಪು ತೆಂಗಿನೆಣ್ಣೆಯದಲ್ಲ
7 ವರ್ಷದ ಅಕ್ಕನ ಮಗನ ಮೈ ಕಪ್ಪಾಗುತ್ತಿದೆ, ಆಗಾಗ ವಾಂತಿಯಾಗುತ್ತದೆ, ತೆಂಗಿನೆಣ್ಣೆ ನಿಲ್ಲಿಸಬೇಕೇ ಎಂದು ಹಿಂದೆ ಕೇಳಿದ್ದೆ. ಉಡುಪಿಯ ವೈದ್ಯರು ಅವನ ಅಂಗೈಗೆರೆಗಳೂ ಒಸಡೂ ಕಪ್ಪಾಗಿರುವುದನ್ನು ಗಮನಿಸಿ ಬರೆದುಕೊಟ್ಟ ರಕ್ತಪರೀಕ್ಷೆಯಲ್ಲಿ 26 ಇಂಗಾಲದ ಅತಿದೀರ್ಘ ಸರಪಳಿಯ ಕೊಬ್ಬಿನಾಮ್ಲ ಹೆಚ್ಚಿರುವುದು ಕಂಡಿತು; ಎಬಿಸಿಡಿ1 ಜೀನ್‌ನ ಪರೀಕ್ಷೆಯಿಂದ ಅಡ್ರಿನೋಲ್ಯುಕೋಡಿಸ್ಟ್ರೋಫಿ ಎಂಬ ಆನುವಂಶಿಕ ಕಾಯಿಲೆ ಎಂದು ಖಚಿತವಾಯಿತು. ಈ ಆಮ್ಲಗಳನ್ನು ಜೀವಕೋಶದೊಳಗೆ ಅವನ್ನು ಒಡೆಯುವ ಭಾಗವಾದ ಪೆರಾಕ್ಸಿಸೋಮ್‌ಗೆ ಸಾಗಿಸುವ ಪ್ರೋಟೀನ್ ಕೆಟ್ಟಿರುವುದರಿಂದ ಅವು ಒಡೆಯದೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲೂ ಮಿದುಳಿನಲ್ಲೂ ಶೇಖರವಾಗುತ್ತವೆ. ದೇಹವೇ ಇವನ್ನು ತಯಾರಿಸುವುದರಿಂದ ಪಥ್ಯವೊಂದೇ ಸಾಲದು. ತೆಂಗಿನೆಣ್ಣೆಯಲ್ಲಿ ಮುಖ್ಯವಾಗಿರುವುದು 12 ಇಂಗಾಲದ ಲಾರಿಕ್ ಆಮ್ಲ, ಈ ಅತಿದೀರ್ಘ ಸರಪಳಿಯ ಆಮ್ಲವಲ್ಲ. ಅಮ್ಮ ಅದರ ಡಬ್ಬಿಯನ್ನು ಸುಮ್ಮನೆ ಅಟ್ಟಕ್ಕೇರಿಸಿದ್ದರು. ಅಡ್ರಿನಲ್ ಹಾರ್ಮೋನಿನ ಕೊರತೆ ತುಂಬುವ ಹೈಡ್ರೋಕಾರ್ಟಿಸೋನ್ ಶುರುವಾದ ಮೇಲೆ ವಾಂತಿ ನಿಂತಿದೆ. ಮಿದುಳಿನ ಎಂಆರ್‌ಐ ಸದ್ಯಕ್ಕೆ ಸರಿಯಿದ್ದರೂ 6 ತಿಂಗಳಿಗೊಮ್ಮೆ ಮಾಡಿಸಬೇಕು, ಏಕೆಂದರೆ ಅಸ್ಥಿಮಜ್ಜೆಯ ಕಸಿ ಫಲಿಸುವುದು ಮಿದುಳಿನ ಬದಲಾವಣೆ ಆರಂಭದಲ್ಲೇ ಸಿಕ್ಕಾಗ. ಕೆಟ್ಟ ಜೀನ್ ತಾಯಿಯಿಂದ ಬಂದಿರಬಹುದಾದ್ದರಿಂದ ಅಕ್ಕನೂ ಪರೀಕ್ಷೆಗೆ ರಕ್ತ ಕೊಟ್ಟಿದ್ದಾಳೆ.