ಸೋಷಿಯಲ್ ಸ್ಟಡೀಸ್ ಪಾಠಕ್ಕೆ ನಮ್ಮೂರಿನ ಹೊಲ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಓದುವ ನಮ್ಮ ಮಕ್ಕಳಿಗೆ ಸಹಜ ಹಕ್ಕುಗಳ ಪಾಠ ಶುರುವಾಗಿದೆ, ಮನೆಯಲ್ಲಿ ಏನು ಹೇಳಿಕೊಡಬೇಕು ಅಂತ ಕೇಳಿದ್ದಿರಿ. ಜೀವ, ಸ್ವಾತಂತ್ರ್ಯ, ಆಸ್ತಿ ಮನುಷ್ಯನಿಗೆ ಹುಟ್ಟಿನಿಂದಲೇ ಬಂದದ್ದು, ಅವನ್ನು ಕಾಯಲೆಂದೇ ಜನ ಒಪ್ಪಿ ಸರ್ಕಾರ ಮಾಡಿಕೊಂಡರು ಅಂತ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ 1689ರಲ್ಲಿ ವಾದಿಸಿದ. ಅಲ್ಲಿಂದ 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆವರೆಗೆ ಶಾಲೆಯಲ್ಲೇ ಚೆನ್ನಾಗಿ ಕಲಿಸುತ್ತಾರೆ. ಆಸ್ತಿಯ ವಿಷಯ ಮಾತ್ರ ನಾವು ಊರಿನಿಂದ ಹೇಳಬೇಕು.

ನಮ್ಮ ಸಂವಿಧಾನದಲ್ಲೂ 1950ರಲ್ಲಿ ಆಸ್ತಿ ಮೂಲಭೂತ ಹಕ್ಕೇ ಆಗಿತ್ತು. ಭೂ ಸುಧಾರಣೆಯ ಕಾನೂನುಗಳಿಗೆ ಅದು ಕೋರ್ಟಿನಲ್ಲಿ ಮತ್ತೆ ಮತ್ತೆ ಅಡ್ಡ ಬಂತು. 1978ರ 44ನೇ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆಯಿತು. ಈಗ 300ಎ ವಿಧಿಯ ರಕ್ಷಣೆ ಇದೆ: ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ.

ಎಂಟನೇ ಕ್ಲಾಸಿನ ನನ್ನ ಮಗಳಿಗೆ ಇದು ಅನ್ಯಾಯ ಅನ್ನಿಸಿತು. ಈ ರಜೆಯಲ್ಲಿ ದಾವಣಗೆರೆಗೆ ಬಂದಾಗ ನೇರವಾಗಿ ಅಜ್ಜನನ್ನೇ ಕೇಳಿದಳು. ನಮ್ಮಪ್ಪ ಟ್ರಂಕಿನಿಂದ ಹಳೇ ಪಹಣಿ ತೆಗೆದು ಮಂಚದ ಮೇಲೆ ಹರಡಿದರು. ಒಂದು ಕಾಲಂನಲ್ಲಿ ಒಡೆಯರ ಹೆಸರು, ಇನ್ನೊಂದರಲ್ಲಿ ಸಾಗುವಳಿ ಮಾಡುವವರು ಅಂತ ನಮ್ಮ ತಾತನ ಹೆಸರು. "ಕೋರಿಗೆ ಮಾಡ್ತಿದ್ವಿ ಕಣವ್ವಾ. ಬೀಜ ನಮ್ದು, ಎತ್ತು ನಮ್ದು. ಅರ್ಧ ಜೋಳ ಅವರ ಮನೆಗೆ ಹೋಗ್ತಿತ್ತು" ಅಂದರು. ದೇವರಾಜ ಅರಸರ ಕಾಲದಲ್ಲಿ ಕರ್ನಾಟಕದ ಭೂ ಸುಧಾರಣಾ ಕಾಯ್ದೆಗೆ ಮಾಡಿದ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಉಳುವವರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಹೋಗಬೇಕಿತ್ತು. ತಾತ ಹೆಬ್ಬೆಟ್ಟು ಒತ್ತಿದರು, ನಮ್ಮಪ್ಪ ಅರ್ಜಿ ಓದಿ ಹೇಳಿದರು. ಹೊಲ ನಮ್ಮದಾಯಿತು. ನಾನು ಓದಿ ಇಷ್ಟು ದೂರ ಬಂದದ್ದೂ ಆ ಹೊಲದ ದುಡ್ಡಿನಿಂದಲೇ.

ಲಾಕ್ ಹೇಳಿದ್ದೂ ಇದನ್ನೇ ಅಲ್ವಾ? ನೆಲಕ್ಕೆ ತನ್ನ ದುಡಿಮೆ ಹಾಕಿದವನಿಗೆ ಅದರ ಮೇಲೆ ಹಕ್ಕು ಹುಟ್ಟುತ್ತದೆ ಅಂತ ಅವನ ವಾದ. ಉಳುವವನೇ ಹೊಲದೊಡೆಯ ಅನ್ನುವ ಮಾತು ಅದಕ್ಕೆ ಎಷ್ಟು ಹತ್ತಿರ! ಲಾಕ್‌ನ ಪಟ್ಟಿಯಲ್ಲಿದ್ದ ಆಸ್ತಿಗೂ ಲಾಕ್‌ನ ಈ ವಾದಕ್ಕೂ ನಮ್ಮ ಹೊಲದಲ್ಲೇ ಜಗಳ ಬಿದ್ದಿತ್ತು ಅಂತ ಮಗಳಿಗೆ ಹೇಳಿದೆ. ಅವಳು ಸುಮ್ಮನಾಗಲಿಲ್ಲ. "ಹಾಗಾದ್ರೆ ಒಡೆಯರ ಹಕ್ಕು ಏನಾಯ್ತು?" ಅಂದಳು. ಅಮೆರಿಕದ ಸಂವಿಧಾನದ 5ನೇ ತಿದ್ದುಪಡಿ ನ್ಯಾಯವಾದ ಪರಿಹಾರ ಕೊಡದೆ ಸಾರ್ವಜನಿಕ ಬಳಕೆಗೆ ಆಸ್ತಿ ತೆಗೆದುಕೊಳ್ಳುವಂತಿಲ್ಲ ಅನ್ನುತ್ತದೆ, ಅವಳು ಓದಿದ್ದು ಅದು. ಕರ್ನಾಟಕದಲ್ಲಿ ಒಡೆಯರಿಗೆ ಕೊಟ್ಟ ಪರಿಹಾರ ಪೇಟೆ ಬೆಲೆಗಿಂತ ತುಂಬಾ ಕಡಿಮೆ ಇತ್ತು. ಎರಡೆಕರೆಯನ್ನೇ ನಂಬಿಕೊಂಡು ಗೇಣಿಗೆ ಕೊಟ್ಟಿದ್ದ ವಿಧವೆಯರೂ ಜಮೀನು ಕಳೆದುಕೊಂಡರು. ನಮ್ಮಪ್ಪ ಅದನ್ನೂ ಮುಚ್ಚಿಡಲಿಲ್ಲ.

ನಿಮ್ಮ ಮನೆಗಳಲ್ಲೂ ಫಾರಂ 7ರ ಪ್ರತಿ, ನ್ಯಾಯಮಂಡಳಿಯ ಆದೇಶ ಇರಬಹುದು. ಪಡೆದವರ ಮನೆಯದಾಗಲಿ, ಕಳೆದುಕೊಂಡವರ ಮನೆಯದಾಗಲಿ, ಊರಿಗೆ ಹೋದಾಗ ಮಕ್ಕಳ ಕೈಗೆ ಕೊಡಿ. ಅಜ್ಜ ಅಜ್ಜಿ ಇರುವಾಗಲೇ ಕೂತು ಕೇಳಲಿ.